ಮುನ್ನುಡಿ ಬಂದ ಮೇಲೆ ನಿಂತುಹೋದ ಪುಸ್ತಕ: ಒಂದು ಪ್ರಕರಣ ಅಧ್ಯಯನ

ಇದು ಒಂದು ಚೊಚ್ಚಲ ಕಥಾಸಂಕಲನದ ಪ್ರಕರಣ. ಪುಸ್ತಕ ಅಚ್ಚಿಗೆ ಹೋಗಲು ಹತ್ತು ದಿನ ಇರುವಾಗ ಮುನ್ನುಡಿ ಬಂತು. ಅದನ್ನು ಓದಿದ ಮೇಲೆ ಪುಸ್ತಕ ನಿಂತುಹೋಯಿತು. ಮತ್ತೆ ಹೊರಬರಲು ಮೂರು ತಿಂಗಳಿಗಿಂತ ಜಾಸ್ತಿ ಬೇಕಾಯಿತು. ಆ ಅವಧಿಯಲ್ಲಿ ಸಂಪಾದಕನಾಗಿ ನಾನು ಏನೇನು ಮಾಡಿದೆ, ಎಲ್ಲಿ ತಪ್ಪಿದೆ, ಯಾವ ಹಂತದಲ್ಲಿ ದಾರಿ ತಿರುಗಿತು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. ಪುಸ್ತಕದ ಕೆಲಸ ಮಾಡುವವರಿಗೂ ಮೊದಲ ಪುಸ್ತಕ ತರಲು ಹೊರಟವರಿಗೂ ಇದು ಉಪಯೋಗಕ್ಕೆ ಬರಬಹುದು. ಕಥೆಗಾರ್ತಿ, ಮುನ್ನುಡಿ ಬರೆದವರು ಇಬ್ಬರೂ ಒಪ್ಪಿದ್ದಾರೆ. ಹೆಸರು, ಊರು, ವರ್ಷ ಹೇಳುವುದಿಲ್ಲ. ಕಥೆಗಳ ವಿವರಗಳನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ.

ಹಿನ್ನೆಲೆ

ನಮ್ಮದು ಬೆಂಗಳೂರಿನ ಸಣ್ಣ ಪ್ರಕಾಶನ. ನಾನು, ಕರಡು ತಿದ್ದುವ ಒಬ್ಬ ಹಿರಿಯರು, ಪುಟ ಕಟ್ಟಿಕೊಡುವ ಒಬ್ಬ ಡಿಟಿಪಿ ಗೆಳೆಯ, ಇಷ್ಟೇ ಜನ. ನಾವು ಮೂವರೂ ಹಳೇ ಮೈಸೂರು ಕಡೆಯವರು. ಈ ವಿಷಯ ಮುಂದೆ ಮುಖ್ಯವಾಗುತ್ತದೆ.

ಕಥೆಗಾರ್ತಿ ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನವರು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ. ಒಂದು ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ಅವರಿಗೆ ಬಹುಮಾನ ಬಂದಿತ್ತು. ಆ ಕಥೆ ಓದಿ ನಾನೇ ಫೋನ್ ಮಾಡಿ, ಪುಸ್ತಕ ಮಾಡೋಣವೇ ಎಂದು ಕೇಳಿದೆ. ಮೇ ತಿಂಗಳಲ್ಲಿ ಹನ್ನೊಂದು ಕಥೆಗಳು ಬಂದವು. ಎಲ್ಲವೂ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಾಗಿದ್ದವು. ಜೂನ್‌ನಿಂದ ಆಗಸ್ಟ್‌ವರೆಗೆ ತಿದ್ದಿದೆವು. ಸೆಪ್ಟೆಂಬರ್ ಹೊತ್ತಿಗೆ ಪುಟ ವಿನ್ಯಾಸವೂ ಮುಗಿದಿತ್ತು. 144 ಪುಟ, ಅಂದರೆ ಹದಿನಾರು ಪುಟ ಒಟ್ಟಿಗೆ ಅಚ್ಚಾಗುವ ಹಾಳೆಯ ಲೆಕ್ಕದಲ್ಲಿ ಒಂಬತ್ತು ಫಾರಂ. ಲೆಕ್ಕ ಸರಿಯಾಗಿ ಕೂತಿದೆ ಎಂದು ಖುಷಿಪಟ್ಟಿದ್ದೆ.

ಮುನ್ನುಡಿಗೆ ಒಬ್ಬ ನಿವೃತ್ತ ಕನ್ನಡ ಪ್ರಾಧ್ಯಾಪಕರನ್ನು ಕೇಳಿದೆವು. ಅವರನ್ನು ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ, ಎಲ್ಲರೂ ಅವರನ್ನು ಹಾಗೆಯೇ ಕರೆಯುವುದು. ಸುಮ್ನೆ ಹೊಗಳಿ ಬರೆಯುವವರಲ್ಲ ಅವರು. ಅದು ಗೊತ್ತಿದ್ದೇ ಕೇಳಿದ್ದು. ಕಥೆಗಾರ್ತಿಗೂ ಅವರೇ ಬೇಕಿತ್ತು. ಕಾಲೇಜಿನಲ್ಲಿ ಓದುವಾಗ ಅವರ ವಿಮರ್ಶೆಯ ಪುಸ್ತಕಗಳನ್ನು ನೋಟ್ಸ್ ಮಾಡಿಕೊಂಡು ಓದಿದ್ದರಂತೆ.

ಡಿಸೆಂಬರ್ ಎರಡನೇ ಭಾನುವಾರ ಬಿಡುಗಡೆ ಎಂದು ನಿಗದಿಯಾಯಿತು. ಡಿಸೆಂಬರ್ ದಾಟಬಾರದು ಎನ್ನುವ ಆತುರ ನನಗಿತ್ತು. ಸಣ್ಣ ಪ್ರಕಾಶಕರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕಗಳನ್ನು ಆಯಾ ವರ್ಷದ ಮೊದಲ ಮುದ್ರಣದ ಲೆಕ್ಕದಲ್ಲಿ ಆಹ್ವಾನಿಸುತ್ತಾರೆ. ಡಿಸೆಂಬರ್ ಕೊನೆಗೆ ಬಂದ ಪುಸ್ತಕ ಒಂದು ಸಾಲಿಗೆ ಸೇರಿದರೆ, ಜನವರಿ ಮೊದಲ ವಾರದ ಪುಸ್ತಕ ಮುಂದಿನ ಸಾಲಿಗೆ ಹೋಗುತ್ತದೆ. ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಗಳಿಗೂ ವರ್ಷದ ಲೆಕ್ಕವೇ. ನಮ್ಮಂಥವರು ಹಾಕಿದ ಹಣ ವಾಪಸ್ ಬರುವ ದಾರಿ ಬಹುಮಟ್ಟಿಗೆ ಗ್ರಂಥಾಲಯವೇ. ಹಾಗಾಗಿ ನವೆಂಬರ್‌ನಲ್ಲಿ ಕನ್ನಡದ ಪ್ರೆಸ್ಸುಗಳೆಲ್ಲ ಹಗಲು ರಾತ್ರಿ ಓಡುತ್ತಿರುತ್ತವೆ. ನಾನೂ ಆ ಓಟದಲ್ಲಿದ್ದೆ.

ಮುನ್ನುಡಿಯಲ್ಲಿ ಏನಿತ್ತು

ನವೆಂಬರ್ ಮಧ್ಯದಲ್ಲಿ ಮುನ್ನುಡಿ ಬಂತು. ಎಂಟು ಪುಟ, ಕೈಬರಹ. ಮೊದಲ ಎರಡು ಪುಟ ಓದಿ ಸಂತೋಷವಾಯಿತು. ಎರಡು ಕಥೆಗಳನ್ನು ಅವರು ತುಂಬ ಮೆಚ್ಚಿದ್ದರು. ಹೊಲದ ಕೆಲಸವನ್ನು ಹೊರಗೆ ನಿಂತು ನೋಡದೆ ಒಳಗಿನಿಂದ ಬರೆದ ಕಥೆಗಳು ಎಂದಿದ್ದರು. ಮೂರನೇ ಪುಟದಿಂದ ದಾರಿ ಬೇರೆಯಾಯಿತು.

ಅವರ ಆಕ್ಷೇಪ ಮೂರು. ಹನ್ನೊಂದರಲ್ಲಿ ಐದು ಕಥೆಗಳು ಸಾವಿನಿಂದಲೇ ಮುಗಿಯುತ್ತವೆ, ಕಥೆಯನ್ನು ಮುಗಿಸಲು ಸಾವನ್ನು ಕರೆತಂದ ಹಾಗಿದೆ ಎನ್ನುವುದು ಒಂದು. ನಾಲ್ಕೇ ಪುಟದ ಒಂದು ಕಥೆ, ಪಿಂಚಣಿ ಕಚೇರಿಯ ಮುಂದೆ ಇಬ್ಬರು ಮುದುಕಿಯರು ಕೂತು ಮಾತಾಡುವುದು, ಅದು ಇನ್ನೂ ಕಥೆಯೇ ಆಗಿಲ್ಲ, ಕೈಬಿಟ್ಟರೆ ಒಳ್ಳೆಯದು ಎನ್ನುವುದು ಇನ್ನೊಂದು.

ಮೂರನೆಯದು ಭಾಷೆಯ ಬಗ್ಗೆ. ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಒಂಬತ್ತು ಕಥೆಗಳಲ್ಲಿ ಕೂಲಿಯವರು, ಮುದುಕಿಯರು, ಗುಳೆ ಹೋಗುವವರು ಮಾತ್ರ ಊರಿನ ಭಾಷೆ ಆಡುತ್ತಾರೆ. ಅದೇ ಊರಲ್ಲಿ ಹುಟ್ಟಿ, ಓದಿ, ಟೀಚರೋ ನರ್ಸೋ ಆದ ಹುಡುಗಿ ಮಾತ್ರ ಪುಸ್ತಕದ ಕನ್ನಡ ಆಡುತ್ತಾಳೆ. ಕಥೆಯ ನಿರೂಪಣೆಯೂ ಅದೇ ಕನ್ನಡದಲ್ಲಿದೆ. ಹಾಗಾದರೆ ಕಷ್ಟಪಡುವವರಿಗೆ ಒಂದು ಭಾಷೆ, ಆ ಕಷ್ಟವನ್ನು ನೋಡಿ ಮರುಗುವವರಿಗೆ ಇನ್ನೊಂದು ಭಾಷೆ ಎಂದಾಯಿತು. ಲೇಖಕಿ ತನ್ನವರಿಂದ ಯಾಕೆ ಇಷ್ಟು ದೂರ ನಿಂತಿದ್ದಾರೆ ಎಂದು ಮೇಷ್ಟ್ರು ಕೇಳಿದ್ದರು. ಎರಡು ಪುಟ ಉದಾಹರಣೆ ಕೊಟ್ಟು ಬರೆದಿದ್ದರು.

ಜೊತೆಗೆ ಒಂದು ಚೀಟಿ ಇತ್ತು: ಹಾಕುವುದಾದರೆ ಪೂರ್ತಿ ಹಾಕಿ, ಇಲ್ಲವಾದರೆ ಬಿಟ್ಟುಬಿಡಿ, ನಡುವೆ ಕತ್ತರಿಸಬೇಡಿ.

ಇಲ್ಲಿ ಒಂದು ಮಾತು ಹೇಳಬೇಕು. ಮುನ್ನುಡಿಯಲ್ಲಿ ಇಷ್ಟು ಕಟುವಾಗಿ ಬರೆಯುವುದು ಸರಿಯೇ ಎಂದು ಹಲವರು ನನ್ನನ್ನು ಕೇಳಿದ್ದಾರೆ. ನನ್ನ ಉತ್ತರ, ಸರಿ ಎಂದೇ. ಅಡಿಗರ ‘ಸಾಕ್ಷಿ’, ಅನಂತಮೂರ್ತಿಯವರ ‘ರುಜುವಾತು’ವಿನಂಥ ಸಾಹಿತ್ಯ ಪತ್ರಿಕೆಗಳು ಇದ್ದ ಕಾಲದಲ್ಲಿ ಒಂದು ಹೊಸ ಪುಸ್ತಕದ ಬಗ್ಗೆ ಹತ್ತು ಪುಟ ಜಗಳ ಮಾಡಲು ಜಾಗವಿತ್ತು. ಈಗ ಪತ್ರಿಕೆಯಲ್ಲಿ ಸಿಗುವುದು ಮುನ್ನೂರು ಪದ, ಅದೂ ಪುಣ್ಯ ಇದ್ದರೆ. ಎಷ್ಟೋ ಚೊಚ್ಚಲ ಪುಸ್ತಕಗಳನ್ನು ಸಾಲು ಸಾಲಾಗಿ, ಪೆನ್ನು ಹಿಡಿದು ಓದುವ ಒಬ್ಬನೇ ಓದುಗ ಅದರ ಮುನ್ನುಡಿಕಾರ. ಅವರೂ ಆಶೀರ್ವಾದ ಮಾಡಿ ಎದ್ದರೆ ಆ ಪುಸ್ತಕವನ್ನು ಯಾರೂ ಓದಲೇ ಇಲ್ಲ ಎಂದಾಗುತ್ತದೆ, ಅಲ್ವಾ?

ಆದರೆ ಆ ದಿನ ನಾನು ಹೀಗೆ ಯೋಚಿಸಲಿಲ್ಲ.

ಮೊದಲು ಮಾಡಿದ್ದು

ಮುನ್ನುಡಿಯನ್ನು ಕಥೆಗಾರ್ತಿಗೆ ತಕ್ಷಣ ಕಳಿಸಲಿಲ್ಲ. ಮೂರು ದಿನ ಇಟ್ಟುಕೊಂಡೆ. ಮೊದಲ ಪುಸ್ತಕ, ಬೇಜಾರು ಮಾಡಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮೂರು ದಿನದಲ್ಲಿ ರಕ್ಷಾಪುಟದ ಫೈಲು ಪ್ರೆಸ್ಸಿಗೆ ಹೋಗಬೇಕಿತ್ತು, ಬೆನ್ನುಡಿ ಖಾಲಿ ಇತ್ತು. ಮುನ್ನುಡಿಯ ಎರಡನೇ ಪುಟದಿಂದ ಮೆಚ್ಚುಗೆಯ ನಾಲ್ಕು ಸಾಲು ಎತ್ತಿ, ಕೆಳಗೆ ಮೇಷ್ಟ್ರ ಹೆಸರು ಹಾಕಿ ಕಳಿಸಿಬಿಟ್ಟೆ. ಅವರನ್ನು ಕೇಳಲಿಲ್ಲ. ಬೆನ್ನುಡಿಗೆ ಮುನ್ನುಡಿಯ ಸಾಲು ಎತ್ತುವುದು ನಮ್ಮಲ್ಲಿ ಮಾಮೂಲು. ಯಾರೂ ಕೇಳುವುದಿಲ್ಲ, ಯಾರೂ ಬೇಡ ಅನ್ನುವುದಿಲ್ಲ.

ಆದರೆ ಈ ಮುನ್ನುಡಿಯ ಮುಕ್ಕಾಲು ಭಾಗ ತಕರಾರು. ಅದರಿಂದ ನಾಲ್ಕು ಸಿಹಿ ಸಾಲು ಮಾತ್ರ ಎತ್ತಿದರೆ, ಅವರು ಹೇಳದ್ದನ್ನು ಅವರ ಬಾಯಿಂದ ಹೇಳಿಸಿದ ಹಾಗೆ. ಕತ್ತರಿಸಬೇಡಿ ಎಂಬ ಚೀಟಿ ಮೇಜಿನ ಮೇಲೆ ಇದ್ದಾಗಲೇ ನಾನು ಕತ್ತರಿಸಿದ್ದೆ.

ಅದೇ ವಾರ ಆಹ್ವಾನ ಪತ್ರಿಕೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತು. ರಕ್ಷಾಪುಟದ ಎರಡೂ ಬದಿಯ ಚಿತ್ರ ಅದರ ಜೊತೆಗಿತ್ತು. ಮೇಷ್ಟ್ರಿಗೆ ಯಾವುದೋ ಗುಂಪಿನಲ್ಲಿ ಅದು ಸಿಕ್ಕಿತು. ರಾತ್ರಿ ಎಂಟಕ್ಕೆ ಫೋನ್ ಬಂತು. ಅವರು ದನಿ ಏರಿಸಲಿಲ್ಲ. “ನೋಡಪ್ಪಾ, ನಾನು ಬರೆದದ್ದು ಎಂಟು ಪುಟ. ನೀನು ನನ್ನ ಹೆಸರಲ್ಲಿ ಹಾಕಿರೋದು ನಾಲ್ಕು ಸಾಲು. ಉಳಿದದ್ದು ಎಲ್ಲಿ ಹೋಯ್ತು?” ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಕಾನೂನಿನ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ, ಎಷ್ಟೋ ಪ್ರಕಾಶಕರಿಗೆ ಇದು ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಮುನ್ನುಡಿ ಒಂದು ಸ್ವತಂತ್ರ ಬರಹ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಅದರ ಹಕ್ಕು ಬರೆದವರದು, ಪುಸ್ತಕದ ಲೇಖಕರದೂ ಅಲ್ಲ, ಪ್ರಕಾಶಕರದೂ ಅಲ್ಲ. ಹಕ್ಕನ್ನು ಬೇರೆಯವರಿಗೆ ವಹಿಸಬೇಕಾದರೆ ಅದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಕರಾರಿನಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೇ ಅರ್ಥ. ಹಕ್ಕು ಕೊಟ್ಟ ಮೇಲೂ ಕಲಂ 57ರ ಪ್ರಕಾರ ಬರೆದವರ ಕೈಯಲ್ಲಿ ಒಂದು ಅಧಿಕಾರ ಉಳಿಯುತ್ತದೆ. ತಮ್ಮ ಬರಹವನ್ನು ಮರ್ಯಾದೆಗೆ ಧಕ್ಕೆ ಬರುವ ಹಾಗೆ ತಿರುಚಿದರೆ, ಅಂಗಭಂಗ ಮಾಡಿದರೆ ತಡೆಯುವ ಅಧಿಕಾರ. ನಮ್ಮ ಬಳಿ ಮೇಷ್ಟ್ರಿಂದ ಒಂದು ಒಪ್ಪಿಗೆ ಪತ್ರವೂ ಇರಲಿಲ್ಲ. ಅವರು ಕೋರ್ಟಿನ ಮಾತೇ ಆಡಲಿಲ್ಲ, ಅದು ಅವರ ದೊಡ್ಡತನ. ಆರುನೂರು ರಕ್ಷಾಪುಟ ಅಚ್ಚಾಗಿದ್ದವು. ಮರುದಿನ ಪ್ರೆಸ್ಸಿಗೆ ಹೋಗಿ ಅಷ್ಟನ್ನೂ ರದ್ದಿಗೆ ಹಾಕಿಸಿದೆ.

ಕಥೆಗಾರ್ತಿಯ ಫೋನು

ರಕ್ಷಾಪುಟದ ಗಲಾಟೆಯ ನಂತರ ಮುನ್ನುಡಿ ಬಚ್ಚಿಡುವುದು ಸಾಧ್ಯವಿರಲಿಲ್ಲ. ಅದೇ ದಿನ ಸ್ಕ್ಯಾನ್ ಮಾಡಿ ಕಳಿಸಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಅವರು ಫೋನ್ ಮಾಡಿದರು.

“ನಂಗ ಮುನ್ನುಡಿನೇ ಬ್ಯಾಡ್ರಿ ಸರ್. ಹಂಗೇ ತರ್ರಿ ಪುಸ್ತಕ.”

ನಾನು ಒಪ್ಪಿಬಿಡುವವನಿದ್ದೆ. ಅದು ಸುಲಭದ ದಾರಿ. ಮುನ್ನುಡಿ ಇಲ್ಲದ ಪುಸ್ತಕ ಎಷ್ಟೋ ಬರುತ್ತವೆ. ಡಿಸೆಂಬರ್ ತಪ್ಪುವುದಿಲ್ಲ, ಮೇಷ್ಟ್ರೂ ಬಿಟ್ಟುಬಿಡಿ ಎಂದಿದ್ದಾರೆ, ಕಥೆಗಾರ್ತಿಗೂ ನೆಮ್ಮದಿ. ಹ್ಞೂಂ ಅನ್ನುವ ಮೊದಲು, ಯಾವ ಮಾತಿನಿಂದ ಜಾಸ್ತಿ ನೋವಾಯಿತು ಎಂದು ಕೇಳಿದೆ. ಸಮಾಧಾನ ಮಾಡಲು ಕೇಳಿದ ಪ್ರಶ್ನೆ ಅದು. ಇಡೀ ಪ್ರಕರಣ ತಿರುಗಿದ್ದು ಅಲ್ಲಿ.

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಹೇಳಿದರು: “ಸಾವಿನ ಮಾತು ಖರೇ ಅದ, ನನಗೂ ಅನ್ಸಿತ್ತು. ಆದ್ರ ನಮ್ಮವರಿಂದ ದೂರ ನಿಂತೀನಿ ಅಂದಾರಲ್ಲ ಸರ್, ಅದು ಭಾಳ ಹತ್ತಿತು. ನನ್ನ ಹುಡುಗಿ ನಮ್ಮ ಮಾತೇ ಆಡ್ತಿದ್ಲು. ನೀವು ತಿದ್ದಿದ್ರಿ.”

ನಾನು ತಿದ್ದಿದ್ದೆನೇ? ನಿಜವಾಗಿಯೂ ನನಗೆ ನೆನಪಿರಲಿಲ್ಲ.

ಕರಡು ಕಳಿಸಿದಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರ ಉತ್ತರ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. “ಪುಸ್ತಕ ಅಂದ್ರ ಹಂಗ ಇರತದ ಅನ್ಕೊಂಡೆ ಸರ್.”

ಎರಡು ಪ್ರಿಂಟ್‌ಔಟ್

ಅವರು ಮೊದಲು ಕಳಿಸಿದ ನುಡಿ ಫೈಲು ಸದ್ಯ ಅಳಿಸಿರಲಿಲ್ಲ. ಅದನ್ನು ಪ್ರಿಂಟ್ ತೆಗೆದೆ. ಪಕ್ಕದಲ್ಲಿ ನಮ್ಮ ಕೊನೆಯ ಕರಡು. ಎರಡು ರಾತ್ರಿ ಕೂತು ಸಾಲಿಗೆ ಸಾಲು ಇಟ್ಟು ನೋಡಿದೆ.

ಹೊರಗಿನಿಂದ ನೋಡಿದರೆ ನಾವು ಏನೂ ದೊಡ್ಡದಾಗಿ ಬದಲಿಸಿರಲಿಲ್ಲ. ಕಾಗುಣಿತ, ಚಿಹ್ನೆ, ವಾಕ್ಯ ಜೋಡಣೆ. ಆದರೆ ಕೆಲಸದ ಆರಂಭದಲ್ಲಿ ನಾನೇ ಒಂದು ಸೂಚನೆ ಕೊಟ್ಟಿದ್ದೆ: ಸಂಭಾಷಣೆಯಲ್ಲಿ ಆಡುಮಾತು ಇರಲಿ, ನಿರೂಪಣೆ ಎಲ್ಲ ಕಡೆಯ ಓದುಗರಿಗೂ ತಿಳಿಯುವ ಹಾಗೆ ಇರಲಿ, ಓದಿದ ಪಾತ್ರಗಳ ಮಾತು ಹಗುರಾಗಿ ಸರಿಪಡಿಸಿ. ಕರಡು ತಿದ್ದಿದ ಹಿರಿಯರು ನಾನು ಹೇಳಿದ್ದನ್ನೇ ಮಾಡಿದ್ದರು. ‘ಸರಿಪಡಿಸಿ’ ಎಂಬ ಪದವನ್ನು ನಾನೇ ಬರೆದಿದ್ದೆ. ಆ ಮಾತು ಅಲ್ಲಿ ಸರಿಯಿಲ್ಲ ಎಂದು ನನಗೆ ಯಾರು ಹೇಳಿದ್ದರು?

ಒಂದು ಉದಾಹರಣೆ ಕೊಡುತ್ತೇನೆ. ಒಂದು ಕಥೆಯಲ್ಲಿ ತಾಯಿ ಗುಳೆ ಹೋಗುತ್ತಾಳೆ. ಬಸ್ಸು ಹತ್ತುವಾಗ ಮಗಳು ನಿಂತು ನೋಡುತ್ತಾಳೆ. ಮೂಲದಲ್ಲಿ ಹೀಗಿತ್ತು: ‘ಅವ್ವ ಹೊಳ್ಳಿ ನೋಡಲಿಲ್ಲ.’ ನಮ್ಮ ಕರಡಿನಲ್ಲಿ: ‘ಅಮ್ಮ ಹಿಂತಿರುಗಿ ನೋಡಲಿಲ್ಲ.’ ಅರ್ಥ ಒಂದೇ ಅನಿಸುತ್ತದೆ. ಮುಂದೆ ಊರಿನವರು ಮತ್ತೆ ಮತ್ತೆ ಆ ಹುಡುಗಿಯನ್ನು ಕೇಳುತ್ತಾರೆ, “ನಿಮ್ಮವ್ವ ಯಾವಾಗ ಹೊಳ್ಳಿ ಬರ್ತಾಳ?” ಆ ಕಡೆ ‘ಹೊಳ್ಳಿ’ ಅಂದರೆ ತಿರುಗಿ ಅಂತಲೂ ಹೌದು, ವಾಪಸ್ ಅಂತಲೂ ಹೌದು. ಮೊದಲ ಸಲ ಹೊಳ್ಳಿ ನೋಡದವಳು ಕೊನೆಗೂ ಹೊಳ್ಳಿ ಬರುವುದಿಲ್ಲ. ಇಡೀ ಕಥೆ ಆ ಒಂದು ಪದದ ಮೇಲೆ ನಿಂತಿದೆ. ಊರವರ ಮಾತಿನ ಹೊಳ್ಳಿಯನ್ನು ಉಳಿಸಿ, ಮಗಳ ಹೊಳ್ಳಿಯನ್ನು ನಾವು ತೆಗೆದಿದ್ದೆವು. ಅಲ್ಲಿಗೆ ದಾರ ಕಡಿಯಿತು. ಕಥೆಯ ಕೊನೆ ದುರ್ಬಲ ಎಂದು ಮೇಷ್ಟ್ರು ಬರೆದದ್ದು ಈ ಕಥೆಗೂ ಸೇರಿತ್ತು.

ಹಾಗಂತ ಎಲ್ಲ ನಮ್ಮದೇ ತಪ್ಪು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಮೇಷ್ಟ್ರು ಹೇಳಿದ ಒಂಬತ್ತು ಕಥೆಗಳಲ್ಲಿ ನಾಲ್ಕರಲ್ಲಿ ಮಾತ್ರ ಭಾಷೆ ಬದಲಾದದ್ದು ನಮ್ಮಿಂದ. ಉಳಿದ ಐದನ್ನು ಕಥೆಗಾರ್ತಿಯೇ ಹಾಗೆ ಬರೆದಿದ್ದರು. ಅವು ಪತ್ರಿಕೆಗಳಿಗೆಂದು ಬರೆದ ಕಥೆಗಳು. ಪತ್ರಿಕೆಗೆ ಕಳಿಸಬೇಕಾದರೆ ಹೀಗೇ ಇರಬೇಕು ಎಂದು ಅವರೇ ಮೊದಲೇ ತಮ್ಮನ್ನು ತಿದ್ದಿಕೊಂಡಿದ್ದರು. ಅಂದರೆ ನನ್ನಂಥ ಸಂಪಾದಕ ಅವರ ತಲೆಯೊಳಗೆ ಮೊದಲೇ ಕೂತಿದ್ದ.

ಊರಿನ ಮಾತಿನಲ್ಲಿ ಬರೆದರೆ ನಡೆಯುವುದಿಲ್ಲ ಎನ್ನುವ ಈ ಭಯಕ್ಕೆ ಆಧಾರವಾದರೂ ಇದೆಯೇ? ನಂಜನಗೂಡು, ಚಾಮರಾಜನಗರದ ಕಡೆಯ ಮಾತಿನಲ್ಲಿ ಬರೆದ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಲಬುರಗಿ ಸೀಮೆಯ ಮಾತನ್ನೇ ಬಳಸಿದ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಅದೇ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಈ ಎರಡೂ ಪುಸ್ತಕ ನನ್ನ ಕಪಾಟಿನಲ್ಲಿವೆ. ಓದಿ ಮೆಚ್ಚಿದ್ದೇನೆ. ಆದರೂ ಒಂದು ಹೊಸ ಹಸ್ತಪ್ರತಿ ಕೈಗೆ ಬಂದಾಗ, ದೊಡ್ಡವರಿಗೆ ಕೊಟ್ಟ ಸ್ವಾತಂತ್ರ್ಯವನ್ನು ಹೊಸಬರಿಗೆ ಕೊಡಲಿಲ್ಲ.

ನಿಲ್ಲಿಸುವ ನಿರ್ಧಾರ

ಎರಡನೇ ರಾತ್ರಿ ಮುಗಿಯುವಷ್ಟರಲ್ಲಿ ತೀರ್ಮಾನಕ್ಕೆ ಬಂದಿದ್ದೆ. ಬಿಡುಗಡೆ ಮುಂದೂಡಬೇಕು, ಡಿಸೆಂಬರ್ ಬಿಡಬೇಕು. ಲೆಕ್ಕ ಹಾಕಿ ನೋಡಿದೆ: ರದ್ದಿಯಾದ ರಕ್ಷಾಪುಟದ ಖರ್ಚು, ಸಭಾಂಗಣಕ್ಕೆ ಕಟ್ಟಿದ ಮುಂಗಡ, ಮತ್ತೆ ಪುಟ ಕಟ್ಟುವ ಕೂಲಿ, ಒಂದು ವರ್ಷ ಹಿಂದೆ ಬೀಳುವ ಗ್ರಂಥಾಲಯದ ಹಣ. ನಮಗೆ ಇದು ಸಣ್ಣದಲ್ಲ. ಆದರೆ ಆ ‘ಹಿಂತಿರುಗಿ’ಯನ್ನು ಅಚ್ಚು ಹಾಕಿಸುವುದು ನನ್ನಿಂದ ಸಾಧ್ಯವಿರಲಿಲ್ಲ. ಕಥೆಗಾರ್ತಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಎರಡೂ ಪ್ರತಿಯನ್ನು, ಬದಲಾವಣೆಗಳಿಗೆ ಕೆಂಪು ಗೆರೆ ಎಳೆದು, ಅಂಚೆಯಲ್ಲಿ ಕಳಿಸಿದೆ. ಈ ಕೆಲಸವನ್ನು ಆಗಸ್ಟ್‌ನಲ್ಲೇ ಮಾಡಬೇಕಿತ್ತು.

ಆಮೇಲೆ ಮೇಷ್ಟ್ರ ಮನೆಗೆ ಹೋದೆ. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ನೀವು ಲೇಖಕಿಯ ಮೇಲೆ ಹೊರಿಸಿದ ತಪ್ಪಿನಲ್ಲಿ ಅರ್ಧ ನಮ್ಮದು ಎಂದು ಹೇಳಿ, ಅದೇ ಎರಡು ಪ್ರತಿ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಗುಳೆಯ ಕಥೆಯ ಮೂಲವನ್ನು ಅಲ್ಲೇ ಓದಿದರು. ಮುಗಿದ ಮೇಲೆ ಕಾಗದ ಮಡಿಚಿ, “ಹಾಗಾದರೆ ನಾನು ಓದಿದ್ದು ಆ ಹುಡುಗಿ ಬರೆದ ಪುಸ್ತಕವನ್ನಲ್ಲ” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಅವಳ ನಂಬರ್ ಕೊಡು, ನಾನೇ ಮಾತಾಡುತ್ತೇನೆ” ಎಂದರು.

ವಿಮರ್ಶಕರು ಪುಸ್ತಕ ಓದಿ ‘ಲೇಖಕಿ ಹೀಗೆ ಮಾಡಿದ್ದಾರೆ’ ಎಂದು ಬರೆಯುತ್ತಾರೆ. ಆ ಸಾಲಿನ ಹಿಂದೆ ಎಷ್ಟು ಜನರ ಕೈ ಆಡಿದೆ ಎಂದು ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಬೈಗುಳ ಲೇಖಕರಿಗೆ ಹೋಗುತ್ತದೆ, ಸಂಪಾದಕ ಕಾಣುವುದೇ ಇಲ್ಲ. ಇಷ್ಟು ವರ್ಷ ಈ ಕಾಣದಿರುವಿಕೆಯನ್ನು ವಿನಯ ಎಂದುಕೊಂಡಿದ್ದೆ. ಅದು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವ ದಾರಿಯೂ ಆಗುತ್ತದೆ ಎಂದು ಆ ದಿನ ತಿಳಿಯಿತು.

ಮತ್ತೆ ಬರೆದದ್ದು

ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ಪೂರ್ತಿ ಗೊತ್ತಿಲ್ಲ, ಕೇಳಲೂ ಇಲ್ಲ. ಜನವರಿ ಕೊನೆಗೆ ಕಥೆಗಾರ್ತಿ ಹೊಸ ಪ್ರತಿ ಕಳಿಸಿದರು. ನಾವು ಕೆಡಿಸಿದ ನಾಲ್ಕು ಕಥೆಗಳ ಭಾಷೆ ಮೊದಲಿನಂತಾಗಿತ್ತು. ಪತ್ರಿಕೆಗೆಂದು ಬರೆದಿದ್ದ ಐದರಲ್ಲಿ ಮೂರನ್ನು ತಮ್ಮ ಮಾತಿನಲ್ಲಿ ಹೊಸದಾಗಿ ಬರೆದಿದ್ದರು. ಎರಡನ್ನು ಹಾಗೇ ಬಿಟ್ಟಿದ್ದರು. ಆ ಎರಡು ಕಥೆಗಳ ಹುಡುಗಿಯರು ನಿಜಕ್ಕೂ ಊರು ಬಿಟ್ಟವರು, ಅವರ ಮಾತು ಹಾಗೇ ಇರಬೇಕು ಎಂದರು. ಐದು ಸಾವುಗಳಲ್ಲಿ ಎರಡರ ಕೊನೆ ಬದಲಾಯಿತು. ಒಂದು ಕಥೆಯನ್ನು ಅವರೇ ಹಿಂದಕ್ಕೆ ಪಡೆದರು, ಅದನ್ನು ಕೈಬಿಡಿ ಎಂದು ಯಾರೂ ಹೇಳಿರಲಿಲ್ಲ. ಇನ್ನೆರಡು ಕಥೆಗಳ ಸಾವನ್ನು ಮುಟ್ಟಲು ಒಪ್ಪಲಿಲ್ಲ.

ಪಿಂಚಣಿ ಕಚೇರಿಯ ಮುದುಕಿಯರ ಕಥೆಯನ್ನೂ ಕೈಬಿಡಲಿಲ್ಲ. ಇದರ ಬಗ್ಗೆ ಮಾತ್ರ ಇಬ್ಬರಿಗೂ ಕೊನೆಯವರೆಗೆ ಹೊಂದಿಕೆ ಆಗಲಿಲ್ಲ. ಅಲ್ಲಿ ಏನೂ ಆಗುವುದಿಲ್ಲ ಎಂದು ಮೇಷ್ಟ್ರು. ಅಲ್ಲಿ ಏನೂ ಆಗುವುದಿಲ್ಲ ಅನ್ನುವುದೇ ಕಥೆ ಎಂದು ಕಥೆಗಾರ್ತಿ. ನಾನು ಲೇಖಕಿಯ ಪರ ನಿಂತೆ. ಕಥೆ ನನಗೆ ಇಷ್ಟವಾಗಿತ್ತು ಎನ್ನುವುದು ಒಂದು ಕಾರಣ. ಇನ್ನೊಂದು, ಅವರು ಬೇರೆ ಮಾತುಗಳನ್ನು ಇಷ್ಟು ಪ್ರಾಮಾಣಿಕವಾಗಿ ತೂಗಿ ನೋಡಿ, ಈ ಒಂದಕ್ಕೆ ಬೇಡ ಎನ್ನುತ್ತಿದ್ದರು. ಆ ಬೇಡಕ್ಕೆ ಬೆಲೆ ಇತ್ತು.

ಪದಕೋಶದ ಚರ್ಚೆಯೂ ಆಯಿತು. ಕೊನೆಯಲ್ಲಿ ಎರಡು ಪುಟ ಅರ್ಥ ಕೊಡೋಣ, ಬೆಂಗಳೂರು, ಮೈಸೂರಿನವರಿಗೆ ಸಹಾಯವಾಗುತ್ತದೆ ಎಂದೆ. ಅವರು ಕೇಳಿದರು: “ಮೈಸೂರು ಕಡೆಯವರ ಪುಸ್ತಕದಾಗ ನಮಗಂತ ಯಾರರ ಅರ್ಥ ಕೊಟ್ಟಾರೇನ್ರಿ?” ಅಲ್ಲಿಗೆ ಆ ಚರ್ಚೆ ಮುಗಿಯಿತು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ಈ ಮಾತು ನೆನಪಾಯಿತು. ಅನುವಾದಕಿ ದೀಪಾ ಭಾಸ್ತಿಯವರು ಆ ಪುಸ್ತಕದಲ್ಲಿ ಎಷ್ಟೋ ಕನ್ನಡದ ಪದಗಳನ್ನು ಹಾಗೇ ಉಳಿಸಿದ್ದಾರೆ. ಓರೆ ಅಕ್ಷರವೂ ಇಲ್ಲ, ಅಡಿಟಿಪ್ಪಣಿಯೂ ಇಲ್ಲ. ಲಂಡನ್ನಿನ ಓದುಗರು ಕನ್ನಡದ ಪದಗಳನ್ನು ಸಂದರ್ಭದಿಂದ ಅರ್ಥ ಮಾಡಿಕೊಳ್ಳಬಹುದಾದರೆ, ಮಂಡ್ಯದ ಓದುಗರಿಗೆ ‘ಹೊಳ್ಳಿ’ ಅರ್ಥವಾಗದೆ ಇರುತ್ತದೆಯೇ?

ಇನ್ನು ಮುನ್ನುಡಿ. ಹಳೆಯ ಎಂಟು ಪುಟ ಈಗ ಇಲ್ಲದ ಪುಸ್ತಕದ ಬಗ್ಗೆ ಇತ್ತು, ಅದನ್ನು ಹಾಕುವ ಹಾಗಿರಲಿಲ್ಲ. ಮೇಷ್ಟ್ರು ಹೊಸದಾಗಿ ಬರೆದರು. ಈ ಸಲ ಅದನ್ನು ಪುಸ್ತಕದ ಕೊನೆಗೆ, ಹಿನ್ನುಡಿಯಾಗಿ ಹಾಕಿ ಎಂದರು. ಓದುಗರು ಮೊದಲು ಕಥೆ ಓದಲಿ, ಆಮೇಲೆ ನನ್ನ ತಕರಾರು ಕೇಳಲಿ ಎಂದು ಅವರ ವಾದ. ತಕರಾರು ಇನ್ನೂ ಇತ್ತು. ಮುದುಕಿಯರ ಕಥೆಯ ಬಗ್ಗೆ ಒಂದಿಡೀ ಪುಟ ಇತ್ತು. ಕಥೆಗಾರ್ತಿ ತಮ್ಮ ‘ನನ್ನ ಮಾತು’ವಿನಲ್ಲಿ ಅದಕ್ಕೆ ನಾಲ್ಕು ಸಾಲಿನ ಉತ್ತರ ಬರೆದರು. ಇಬ್ಬರ ಬರಹವನ್ನೂ ಒಂದಕ್ಷರ ಮುಟ್ಟದೆ ಹಾಕಿದೆವು. ಬೆನ್ನುಡಿಯಲ್ಲಿ ಯಾರ ಮೆಚ್ಚುಗೆಯೂ ಇಲ್ಲ. ಗುಳೆಯ ಕಥೆಯ ಮೊದಲ ಪ್ಯಾರಾ ಮಾತ್ರ ಇದೆ.

ಹತ್ತು ಕಥೆ, ಅದೇ ಒಂಬತ್ತು ಫಾರಂ, ಐನೂರು ಪ್ರತಿ. ಮಾರ್ಚ್‌ನಲ್ಲಿ ಪುಸ್ತಕ ಬಂತು. ಬಿಡುಗಡೆ ಬೆಂಗಳೂರಿನಲ್ಲಿ ಆಗಲಿಲ್ಲ, ಅವರ ಶಾಲೆಯ ಅಂಗಳದಲ್ಲಿ ಆಯಿತು. ಮೇಷ್ಟ್ರು ರಾತ್ರಿ ರೈಲಿನಲ್ಲಿ ಬಂದಿದ್ದರು.

ಆಮೇಲೆ

ಪುಸ್ತಕ ಭಾರೀ ಮಾರಾಟವಾಯಿತು ಎಂದೇನೂ ಅಲ್ಲ. ಮೊದಲ ಮುದ್ರಣ ಮುಗಿಯಲು ವರ್ಷದ ಮೇಲೆ ಹಿಡಿಯಿತು. ಗ್ರಂಥಾಲಯದ ಹಣ ತಡವಾಗಿಯೇ ಬಂತು. ನಾನು ಕಳೆದುಕೊಂಡ ದುಡ್ಡು ಕಳೆದುಕೊಂಡೇ ಹೋಯಿತು. ಒಬ್ಬ ವಿಮರ್ಶಕರು ಭಾಷೆ ಕಷ್ಟ ಎಂದು ಬರೆದರು. ಆ ಟೀಕೆ ಈ ಸಲ ಲೇಖಕಿಯ ಸ್ವಂತ ಆಯ್ಕೆಯ ಮೇಲೆ ಬಂದಿತ್ತು, ಅವರಿಗೆ ಅದರಿಂದ ಬೇಜಾರಾಗಲಿಲ್ಲ.

ನಮ್ಮ ಕೆಲಸದ ಕ್ರಮ ಬದಲಾಯಿತು. ಪುಟ ಕಟ್ಟುವ ಮೊದಲೇ, ಕಾಗದದ ಮೇಲೆ ಇನ್ನೂ ತಿದ್ದಲು ಆಗುವಾಗಲೇ, ಒಬ್ಬ ಗಟ್ಟಿ ಓದುಗರಿಗೆ ಹಸ್ತಪ್ರತಿ ಕೊಡುತ್ತೇವೆ. ಮೇಷ್ಟ್ರ ಎಂಟು ಪುಟ ಜೂನ್‌ನಲ್ಲಿ ಬಂದಿದ್ದರೆ ಅದು ಉಡುಗೊರೆ ಆಗುತ್ತಿತ್ತು. ನವೆಂಬರ್‌ನಲ್ಲಿ ಬಂದದ್ದರಿಂದ ಏಟಾಯಿತು. ಲೇಖಕರಿಗೆ ಬರೀ ಕೊನೆಯ ಪಿಡಿಎಫ್ ಕಳಿಸಿ ಸರಿಯಿದೆಯಾ ಎಂದು ಕೇಳುವುದಿಲ್ಲ, ಏನೇನು ಬದಲಾಗಿದೆ ಎಂದು ಗೆರೆ ಎಳೆದು ತೋರಿಸುತ್ತೇವೆ. ಹೊಸಬರಿಗಂತೂ, ಬೇಡ ಎನ್ನುವ ಹಕ್ಕು ನಿಮಗಿದೆ ಎಂದು ಬಾಯಿಬಿಟ್ಟು ಹೇಳುತ್ತೇವೆ, ಏಕೆಂದರೆ ಅವರು ತಾವಾಗಿ ಕೇಳುವುದಿಲ್ಲ. ಮುನ್ನುಡಿ, ಬೆನ್ನುಡಿಗೆ ಒಂದು ಪುಟದ ಒಪ್ಪಿಗೆ ಪತ್ರ ಮಾಡಿದ್ದೇವೆ. ಎಷ್ಟು ಭಾಗ, ಎಲ್ಲಿ ಬಳಸುತ್ತೇವೆ ಎನ್ನುವುದು ಅದರಲ್ಲಿ ಇರುತ್ತದೆ. ‘ಸರಿಪಡಿಸಿ’ ಎನ್ನುವ ಪದವನ್ನು ಸೂಚನೆಗಳಲ್ಲಿ ಬರೆಯುವುದನ್ನು ನಾನು ಬಿಟ್ಟಿದ್ದೇನೆ.

ಹೋದ ತಿಂಗಳು ಒಬ್ಬ ಅನುವಾದಕರು ಫೋನ್ ಮಾಡಿದ್ದರು. ಸಂಕಲನದಿಂದ ಎರಡು ಕಥೆಗಳನ್ನು ಇಂಗ್ಲಿಷಿಗೆ ತರಬೇಕು ಎಂದುಕೊಂಡಿದ್ದಾರೆ. ಒಂದು ಗುಳೆಯ ಕಥೆ. ಇನ್ನೊಂದು ಪಿಂಚಣಿ ಕಚೇರಿಯ ಮುದುಕಿಯರದು. ಮೇಷ್ಟ್ರಿಗೆ ಹೇಳಿದೆ. “ಮಾಡಲಿ, ಒಳ್ಳೇದಾಯ್ತು. ಆದರೂ ಅದು ಕಥೆ ಆಗಿಲ್ಲ” ಎಂದರು.

ಅನುವಾದಕರಿಗೆ ಒಂದು ಸಂಶಯವಿತ್ತು. ‘ಹೊಳ್ಳಿ’ಯನ್ನು ಎರಡು ಕಡೆಯೂ ಒಂದೇ ಪದದಲ್ಲಿ ತರಬೇಕಾ, 'ಹಿಂದೆ ತಿರುಗಿ', 'ವಾಪಸ್' ಎಂದು ಬೇರೆ ಬೇರೆ ಮಾಡಿದರೆ ನಡೆಯುತ್ತದಾ ಎಂದು ಕೇಳಿದರು. ನಾನು ಕಥೆಗಾರ್ತಿಯ ನಂಬರ್ ಕೊಟ್ಟೆ.